ಹಳೆಯ ಕಾರಿನ ಓವರ್‌ಫ್ಲೋ ಮತ್ತು ಬ್ರೀದರ್ ಪೈಪ್‌ಗಳು: ಕಲಬುರಗಿ, ಬೀದರ್, ಯಾದಗಿರಿಯ ಗಾಡಿ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ರೇಡಿಯೇಟರ್ ಕುತ್ತಿಗೆ, ಕಾರ್ಬ್ಯುರೇಟರ್ ಬಟ್ಟಲು, ಬ್ಯಾಟರಿ, ಎಂಜಿನ್ ಹೊಟ್ಟೆ, ಪೆಟ್ರೋಲ್ ಟ್ಯಾಂಕ್, ಹಿಂದಿನ ಆಕ್ಸಲ್. ಇವುಗಳಿಂದ ಹೊರಡುವ ಬೆರಳುಗಾತ್ರದ ಪೈಪ್‌ಗಳ ಬಗ್ಗೆ ಈ ಪುಟ. ಹೆಚ್ಚಾದ ದ್ರವವನ್ನು ಹೊರಬಿಡುವುದು ಓವರ್‌ಫ್ಲೋ, ಗಾಳಿ ಅಥವಾ ಅನಿಲ ಆಡಲು ಬಿಡುವುದು ಬ್ರೀದರ್ ಅಥವಾ ವೆಂಟ್. ಅಂಬಾಸಿಡರ್, ಪದ್ಮಿನಿ, ಹಳೆಯ ಮಹೀಂದ್ರ ಜೀಪ್ ಇಟ್ಟುಕೊಂಡವರಲ್ಲಿ ಹೆಚ್ಚಿನವರ ಗಾಡಿಯಲ್ಲಿ ಇವು ಕಳಚಿಹೋಗಿರುತ್ತವೆ. ಇಲ್ಲವೇ ಯಾರೋ ಮಿಸ್ತ್ರಿ ಸಿಕ್ಕ ಪೈಪನ್ನು ಸಿಕ್ಕಲ್ಲಿ ತೂಗಿಬಿಟ್ಟಿರುತ್ತಾರೆ. ಪೈಪ್ ಎಲ್ಲಿ ಶುರುವಾಗಬೇಕು ಎಂದು ಕಂಪನಿಯವರು ಆಗಲೇ ಗೊತ್ತುಮಾಡಿದ್ದಾರೆ. ಎಲ್ಲಿ ಮುಗಿಯಬೇಕು ಎಂಬುದು ನಮ್ಮ ಕೈಯಲ್ಲಿದೆ, ತೊಂದರೆ ಹುಟ್ಟುವುದೂ ಹೆಚ್ಚಾಗಿ ಆ ತುದಿಯಲ್ಲೇ.

ಮುಂಜಾನಿ ಗಾಡಿ ಕೆಳಗ ಕಲೆ ಕಾಣ್ತದ. ಯಾವುದು ಸೋರ್ಯಾದ ಅಂತ ಹ್ಯಾಂಗ ಗೊತ್ತಾಗ್ತದ?

ನಮ್ಮ ಕಡೆ ಮನೆಯಂಗಳಕ್ಕೆ ಶಹಾಬಾದ್ ಕಲ್ಲು ಹಾಸಿರುವುದು ಈ ವಿಷಯದಲ್ಲಿ ದೊಡ್ಡ ಅನುಕೂಲ. ಅದು ಸುಣ್ಣದ ಕಲ್ಲು. ಬ್ಯಾಟರಿ ಆಸಿಡ್‌ನ ಹನಿ ಬಿದ್ದರೆ ಸಣ್ಣಗೆ ನೊರೆಯೆದ್ದು, ಒಣಗಿದ ಮೇಲೆ ಬೂದು ಕಲ್ಲಿನ ಮೇಲೆ ಬಿಳಿಯ ಒರಟು ಮಚ್ಚೆ ಉಳಿಯುತ್ತದೆ. ಬೆರಳಾಡಿಸಿದರೆ ಕಲ್ಲಿನ ನುಣುಪು ಹೋಗಿರುವುದು ತಿಳಿಯುತ್ತದೆ. ಕೂಲಂಟ್ ಆದರೆ ಹಸಿರು ಅಥವಾ ಕೆಂಪು ಅಂಚು ಬಿಟ್ಟು ಒಣಗುತ್ತದೆ, ಮುಟ್ಟಿದರೆ ಜಿಗುಟು. ಎಂಜಿನ್ ಆಯಿಲ್ ಕಪ್ಪಗೆ ಹರಡುತ್ತದೆ. ಆಕ್ಸಲ್ ಎಣ್ಣೆ ದಪ್ಪ, ಗಂಧಕದ ವಾಸನೆ. ಬ್ರೇಕ್ ಆಯಿಲ್ ತೆಳ್ಳಗೆ, ನೀರು ಸುರಿದರೆ ಅದರಲ್ಲಿ ಕರಗಿಹೋಗುತ್ತದೆ. ಪೆಟ್ರೋಲ್ ಮಾತ್ರ ಗುರುತು ಬಿಡದೆ ಹಾರಿಹೋಗುತ್ತದೆ, ಹಾಗಾಗಿ ಅದನ್ನು ವಾಸನೆಯಿಂದಲೇ ಹಿಡಿಯಬೇಕು.

ಕಲೆ ಇರುವ ಜಾಗಕ್ಕೆ ನೇರ ಮೇಲೆ ಪೈಪಿನ ತುದಿ ಇದ್ದರೆ ಅದು ಓವರ್‌ಫ್ಲೋ. ತುದಿ ಇಲ್ಲದಿದ್ದರೆ ಅದು ಲೀಕೇಜ್. ಇವೆರಡರ ರಿಪೇರಿಯೇ ಬೇರೆ.

ರೇಡಿಯೇಟರ್ ತುಂಬ ನೀರು ಹಾಕಿದ್ರ ಸಂಜಿಗೆ ಚೆಲ್ತದ. ಮತ್ತ ಹಾಕಿದ್ರ ಮತ್ತ ಚೆಲ್ತದ. ಯಾಕ?

ಹೆಚ್ಚಿನ ಸಲ ಗಾಡಿಯಲ್ಲಿ ಏನೂ ಕೆಟ್ಟಿರುವುದಿಲ್ಲ, ತುಂಬುವ ರೀತಿ ತಪ್ಪಿರುತ್ತದೆ. 30 ಡಿಗ್ರಿಯಿಂದ 95 ಡಿಗ್ರಿಗೆ ಕಾಯುವಾಗ ನೀರು ಶೇ 3.5ರಿಂದ 4ರಷ್ಟು ಹಿಗ್ಗುತ್ತದೆ. ಅರ್ಧ ಕೂಲಂಟ್ ಬೆರೆಸಿದ್ದರೆ ಅದಕ್ಕಿಂತ ತುಸು ಹೆಚ್ಚು. ಎಂಟು ಲೀಟರ್ ಹಿಡಿಯುವ ವ್ಯವಸ್ಥೆಯಲ್ಲಿ ಅದು 300ರಿಂದ 400 ಮಿಲಿ. ಅಷ್ಟಕ್ಕೆ ಒಳಗೆ ಜಾಗವಿಲ್ಲದಿದ್ದರೆ ಮುಚ್ಚಳದ ಸ್ಪ್ರಿಂಗ್ ಎತ್ತಿಕೊಂಡು ಕುತ್ತಿಗೆಯ ಪಕ್ಕದ ನಿಪ್ಪಲ್‌ನಿಂದ (ಪೈಪ್ ಸಿಕ್ಕಿಸುವ ಸಣ್ಣ ಮೂತಿ) ಹೊರಬರುತ್ತದೆ. ಚೆಲ್ಲಿದ ನೀರು ಹಿಡಿಯುವ ಬಾಟಲಿ ಇಲ್ಲದ ಹಳೆಯ ರೇಡಿಯೇಟರ್‌ನಲ್ಲಿ ತಣ್ಣಗಿನ ನೀರಿನ ಮಟ್ಟ ಕುತ್ತಿಗೆಗಿಂತ 25ರಿಂದ 40 ಮಿಮೀ ಕೆಳಗೆ, ಒಳಗಿನ ಟ್ಯೂಬ್‌ಗಳ ಬಾಯಿ ಮುಳುಗಿರುವಷ್ಟು ಇದ್ದರೆ ಸಾಕು. ದಿನಾ ಬೆಳಿಗ್ಗೆ ಕುತ್ತಿಗೆಯವರೆಗೆ ತುಂಬಿದರೆ ದಿನಾ ಸಂಜೆ ಅಷ್ಟೇ ನೀರು ರಸ್ತೆಗೆ ಹೋಗುತ್ತದೆ. ಬೋರಿನ ಗಡಸು ನೀರಾದರೆ ಪ್ರತಿ ಸಲವೂ ಹೊಸ ಸುಣ್ಣ ಒಳಗೆ ಬಂದು ಕೂರುತ್ತದೆ. ವರ್ಷ ಕಳೆಯುವಷ್ಟರಲ್ಲಿ ರೇಡಿಯೇಟರ್ ನಿಜವಾಗಿಯೂ ಕಟ್ಟಿಕೊಂಡಿರುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬಿಟ್ಟು ಬೇರೇನೂ ಹಾಕಬೇಡಿ.

ಮಟ್ಟ ಸರಿಯಿದ್ದೂ ಚೆಲ್ಲಿದರೆ ಮುಚ್ಚಳ ನೋಡಿ. ಅದರ ಮೇಲೆ 4, 7, 13 ಎಂದು ಪೌಂಡ್ ಲೆಕ್ಕದ ಒತ್ತಡ ಬರೆದಿರುತ್ತದೆ. ಕಲಬುರಗಿಯ ಎತ್ತರದಲ್ಲಿ ತೆರೆದ ನೀರು ಸುಮಾರು 98.5 ಡಿಗ್ರಿಗೇ ಕುದಿಯುತ್ತದೆ, 600 ಮೀಟರ್‌ಗೂ ಮೇಲಿರುವ ಬೀದರ್‌ನಲ್ಲಿ 98ಕ್ಕೆ. 7 ಪೌಂಡಿನ ಒಳ್ಳೆಯ ಮುಚ್ಚಳ ಅದನ್ನು 110ರ ಹತ್ತಿರಕ್ಕೆ ಏರಿಸುತ್ತದೆ. ಸ್ಪ್ರಿಂಗ್ ಸತ್ತ ಮುಚ್ಚಳ ಇಟ್ಟುಕೊಂಡು ಮೇ ತಿಂಗಳ ಮಧ್ಯಾಹ್ನ ಹುಮನಾಬಾದ್ ದಾರಿ ಹಿಡಿದರೆ ಕುದಿಯದೆ ಇರದು. ಹಾಗಂತ ಹೆಚ್ಚು ಪೌಂಡಿನ ಮುಚ್ಚಳ ಹಾಕುವುದು ಪರಿಹಾರವಲ್ಲ. ಹಳೆಯ ಹಿತ್ತಾಳೆ ಟ್ಯಾಂಕಿನ ಬೆಸುಗೆ, ಹೀಟರ್ ಪೈಪ್, ವಾಟರ್ ಪಂಪ್ ಸೀಲ್, ಯಾವುದು ಮೊದಲು ಬಿಡುತ್ತದೋ ಹೇಳಲಾಗದು. ಗಾಡಿಯ ಕೈಪಿಡಿಯಲ್ಲಿರುವ ಪೌಂಡಿನದನ್ನೇ ಹಾಕಿ.

ಓವರ್‌ಫ್ಲೋಗೆ ಬಾಟಲಿ ಜೋಡಿಸಬಹುದೇ? ಚೆಲ್ಲಿದ್ದು ವಾಪಸ್ ರೇಡಿಯೇಟರ್‌ಗೆ ಬರಬೇಕು.

ಖಂಡಿತ ಜೋಡಿಸಿ, ಹಳೆಯ ಗಾಡಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಕೆಲಸ ಇನ್ನೊಂದಿಲ್ಲ. ಆದರೆ ಬರೀ ಬಾಟಲಿ ಕಟ್ಟಿದರೆ ನೀರು ಅದರೊಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಮುಚ್ಚಳವೇ ಬೇರೆ ಬೇಕು.

ಹಳೆಯ ಮುಚ್ಚಳಕ್ಕೆ ಕೆಳಗಡೆ ಮಾತ್ರ ಒಂದು ರಬ್ಬರ್ ವಾಷರ್ ಇರುತ್ತದೆ. ಬಾಟಲಿ ಇರುವ ಗಾಡಿಯ ಮುಚ್ಚಳಕ್ಕೆ ಎರಡು: ಕೆಳಗಿನದು ಒತ್ತಡ ಹಿಡಿಯಲು, ಮೇಲಿನದು ಕುತ್ತಿಗೆಯ ತುಟಿಗೆ ಕಚ್ಚಿ ಹೊರಗಾಳಿ ತಡೆಯಲು. ಎಂಜಿನ್ ತಣ್ಣಗಾಗುವಾಗ ಒಳಗೆ ನಿರ್ವಾತ ಉಂಟಾಗಿ, ಮುಚ್ಚಳದ ನಡುವಿನ ಸಣ್ಣ ವಾಲ್ವ್ ತೆರೆದು, ಬಾಟಲಿಯ ಕೂಲಂಟ್ ಒಳಕ್ಕೆಳೆದುಕೊಳ್ಳುತ್ತದೆ. ಮೇಲಿನ ವಾಷರ್ ಇಲ್ಲದಿದ್ದರೆ, ಅಥವಾ ಕುತ್ತಿಗೆಯ ತುಟಿ ಸೊಟ್ಟಗಾಗಿದ್ದರೆ, ಕೂಲಂಟ್ ಬದಲು ಗಾಳಿ ಹೀರುತ್ತದೆ. ಹೊಸ ಮುಚ್ಚಳ ಕೊಳ್ಳುವಾಗ ಒತ್ತಡದ ಜೊತೆ ಕುತ್ತಿಗೆಯ ಆಳವನ್ನೂ ಅಳೆದು ಒಯ್ಯಿರಿ. ಆಳ ಹೊಂದದಿದ್ದರೆ ಕೆಳಗಿನ ವಾಷರ್ ಕೂರುವುದೇ ಇಲ್ಲ.

ಬಾಟಲಿ ಒಂದು ಲೀಟರಿನದು ಇರಲಿ. ಗುಜರಿಯಲ್ಲಿ ಸಿಗುವ ಮಾರುತಿ 800ರ ಕೂಲಂಟ್ ಬಾಟಲಿ ಚೆನ್ನಾಗಿ ಒಗ್ಗುತ್ತದೆ. ಕುಡಿಯುವ ನೀರಿನ ಖಾಲಿ ಬಾಟಲಿ ಕಟ್ಟುವುದನ್ನು ಎಲ್ಲೆಡೆ ಕಾಣುತ್ತೇವೆ, ದಯವಿಟ್ಟು ಬೇಡ. ಆ ಪ್ಲಾಸ್ಟಿಕ್ 70 ಡಿಗ್ರಿ ದಾಟಿದರೆ ಮುದುಡುತ್ತದೆ, ಓವರ್‌ಫ್ಲೋದಲ್ಲಿ ಬರುವ ನೀರು ಅದಕ್ಕಿಂತ ಬಿಸಿ. ಬಾಟಲಿಯನ್ನು ಸೈಲೆನ್ಸರ್ ಮ್ಯಾನಿಫೋಲ್ಡ್ (ಎಂಜಿನ್‌ನ ಬಿಸಿ ಹೊಗೆ ಹೊರಬರುವ ಕಬ್ಬಿಣದ ಕೊಳವೆ) ಇಲ್ಲದ ಬದಿಯಲ್ಲಿ ಕೂರಿಸಿ. ರೇಡಿಯೇಟರ್‌ಗಿಂತ ಎತ್ತರದಲ್ಲಿ ಇರಬೇಕೆಂದಿಲ್ಲ, ನಿರ್ವಾತವೇ ಎಳೆದುಕೊಳ್ಳುತ್ತದೆ. ನಿಪ್ಪಲ್‌ನಿಂದ 6 ಅಥವಾ 8 ಮಿಮೀ ಒಳವ್ಯಾಸದ, ಬಿಸಿ ಕೂಲಂಟ್ ತಡೆಯುವ ಇಪಿಡಿಎಂ ಎಂಬ ಜಾತಿಯ ರಬ್ಬರ್ ಪೈಪ್ ಎಳೆದು, ಅದರ ತುದಿ ಬಾಟಲಿಯ ತಳಕ್ಕಿಂತ 10 ಮಿಮೀ ಮೇಲೆ ನಿಲ್ಲುವಂತೆ ಇಳಿಬಿಡಿ. ತಳಕ್ಕೆ ತಾಗಿಸಬೇಡಿ, ಅಲ್ಲಿ ಕೂತ ಕೆಸರು ಹೀರುತ್ತದೆ. ಎರಡೂ ಕಡೆ ಸ್ಪ್ರಿಂಗ್ ಕ್ಲಿಪ್ ಹಾಕಿ. ಬಾಟಲಿಯ ಮುಚ್ಚಳಕ್ಕೆ ಗಾಳಿಯ ರಂಧ್ರ ಇರಲೇಬೇಕು. ಬಾಟಲಿಗೆ ಅರ್ಧದಷ್ಟು, ರೇಡಿಯೇಟರ್‌ಗೆ ಕುತ್ತಿಗೆಯ ತನಕ, ಎರಡಕ್ಕೂ ಒಂದೇ ಮಿಶ್ರಣ ಹಾಕಿ. ನಾಲ್ಕೈದು ಸಲ ಕಾಯಿಸಿ ಆರಿಸುವಷ್ಟರಲ್ಲಿ ಒಳಗಿನ ಗಾಳಿ ಹೊರಹೋಗಿ ಬಾಟಲಿಯ ಮಟ್ಟ ಒಂದು ಕಡೆ ನಿಲ್ಲುತ್ತದೆ. ಅಲ್ಲಿ ಪೇಂಟಿನ ಗೆರೆ ಎಳೆಯಿರಿ. ಮುಂದೆ ದಿನಾ ನೋಡಬೇಕಾದ್ದು ಆ ಗೆರೆಯನ್ನೇ.

ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕಂಬಳಿಯಂಥ ದಪ್ಪ ಬಟ್ಟೆ ಹಿಡಿದೂ ತೆಗೆಯಬೇಡಿ.

ತಣ್ಣಗಾದ ಮ್ಯಾಲ ರೇಡಿಯೇಟರಿನ ದೊಡ್ಡ ಪೈಪ್ ಚಪ್ಪಟೆ ಆಗ್ತದ. ಪೈಪ್ ಬದಲಿ ಮಾಡಬೇಕಾ?

ಮೊದಲು ಸಣ್ಣ ಪೈಪ್ ನೋಡಿ. ಓವರ್‌ಫ್ಲೋ ಪೈಪ್ ಮಡಚಿಕೊಂಡಿದ್ದರೆ, ತುದಿಗೆ ಮಣ್ಣು ಮೆತ್ತಿದ್ದರೆ, ಅಥವಾ ಮುಚ್ಚಳದ ನಡುವಿನ ವಾಲ್ವ್ ಸುಣ್ಣಗಟ್ಟಿ ಅಂಟಿದ್ದರೆ ಒಳಗಿನ ನಿರ್ವಾತಕ್ಕೆ ಬೇರೆ ದಾರಿ ಇರುವುದಿಲ್ಲ, ಮೆತ್ತಗಿರುವ ದೊಡ್ಡ ಪೈಪನ್ನೇ ಹಿಂಡುತ್ತದೆ. ಸಣ್ಣ ಪೈಪ್ ಕಳಚಿ ಬಾಯಿಂದ ಊದಿ. ಗಾಳಿ ಸರಾಗ ಹೋದರೆ ಮುಚ್ಚಳದ ವಾಲ್ವನ್ನು ಉಗುರಿನಿಂದ ಎಳೆದು ಬಿಡಿ, ತಾನಾಗಿ ಮರಳಿ ಕೂರಬೇಕು.

ಕಾರ್ಬ್ಯುರೇಟರ್‌ನ ಓವರ್‌ಫ್ಲೋ ಪೈಪ್ ಇಲ್ಲದಿದ್ದರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ಉಳಿದ ಪೈಪ್‌ಗಳು ತಪ್ಪಿದರೆ ಗಾಡಿ ಕೆಡುತ್ತದೆ, ಇದು ತಪ್ಪಿದರೆ ಗಾಡಿ ಸುಟ್ಟುಹೋಗುತ್ತದೆ.

ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಒಂದೇ ಬದಿಯಲ್ಲಿವೆ. ಮೇಲೆ ಪೆಟ್ರೋಲ್, ಕೆಳಗೆ ಕಾದ ಕಬ್ಬಿಣ. ಎಸ್‌ಯು ಕಾರ್ಬ್ಯುರೇಟರ್‌ನ ಫ್ಲೋಟ್ ಬಟ್ಟಲಿನ ಮುಚ್ಚಳದಲ್ಲಿ ಒಂದು ಸಣ್ಣ ನಳಿಗೆ ಇದೆ. ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್‌ನಲ್ಲಿ ಕಸ ಸಿಕ್ಕಿಕೊಂಡರೆ ಅಥವಾ ಅದನ್ನು ಮುಚ್ಚಿಸುವ ತೇಲುಬುರುಡೆ, ಅಂದರೆ ಫ್ಲೋಟ್, ತೂತಾದರೆ ಪೆಟ್ರೋಲ್ ಪಂಪ್ ನಿಲ್ಲದೆ ತುಂಬುತ್ತಲೇ ಇರುತ್ತದೆ, ಹೆಚ್ಚಾದದ್ದು ಆ ನಳಿಗೆಯಿಂದ ಬರುತ್ತದೆ. ಅದಕ್ಕೆ ಪೈಪ್ ಇಲ್ಲದಿದ್ದರೆ ನೇರ ಮ್ಯಾನಿಫೋಲ್ಡ್ ಮೇಲೆ.

ಇಲ್ಲಿಗೆ ಪೆಟ್ರೋಲ್ ತಡೆಯುವ ಪೈಪೇ ಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಬೀದರ್‌ನ ಕಬ್ಬು ಬೆಳೆಗಾರರಿಗೆ ಎಥೆನಾಲ್ ಒಳ್ಳೆಯದೇ ಇರಬಹುದು, ಹಳೆಯ ರಬ್ಬರಿಗೆ ಅಲ್ಲ. ಸಾದಾ ರಬ್ಬರ್ ಮೊದಲು ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಸೀಳುತ್ತದೆ. ಪಾರದರ್ಶಕ ಪಿವಿಸಿ ಪೈಪ್ ಒಂದು ಬೇಸಿಗೆಯಲ್ಲಿ ಕಡ್ಡಿಯಂತೆ ಗಟ್ಟಿಯಾಗುತ್ತದೆ. ಸಿಲಿಕಾನ್ ಪೈಪ್ ನೋಡಲು ಚೆಂದ, ಪೆಟ್ರೋಲಿಗೆ ಅದೂ ಆಗದು. ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್9 (SAE J30 R9, ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು) ಎಂದು ಅಚ್ಚಾಗಿರುವುದನ್ನು ಕೇಳಿ ತನ್ನಿ. ಊರಲ್ಲಿ ಸಿಗದಿದ್ದರೆ ಹೈದರಾಬಾದ್ ಅಥವಾ ಸೋಲಾಪುರದಿಂದ ಎರಡು ಮೀಟರ್ ತರಿಸಿಟ್ಟುಕೊಳ್ಳಿ.

ದಾರಿ ಹೀಗಿರಲಿ: ನಳಿಗೆಯಿಂದ ಹೊರಟು ಮೊದಲು ಮ್ಯಾನಿಫೋಲ್ಡ್‌ನಿಂದ ದೂರ ಸರಿಯಬೇಕು, ಆಮೇಲೆ ಇಳಿಯಬೇಕು. ಬಿಸಿ ಲೋಹಕ್ಕೂ ಪೈಪಿಗೂ ನಡುವೆ ಎಲ್ಲೂ 75 ಮಿಮೀಗಿಂತ ಕಡಿಮೆ ಅಂತರ ಬೇಡ. ಅಷ್ಟು ಜಾಗವಿಲ್ಲದ ಕಡೆ 6 ಮಿಮೀ ಉಕ್ಕಿನ ಪೈಪ್ ಬಗ್ಗಿಸಿ, ತುದಿಗಳಿಗೆ ಮಾತ್ರ ರಬ್ಬರ್ ಜೋಡಿಸಿ. ತುದಿ ಎಂಜಿನ್‌ನ ತಳಕ್ಕಿಂತ ಕೆಳಗೆ, ಸೈಲೆನ್ಸರ್ ಪೈಪಿನಿಂದ ದೂರದಲ್ಲಿ, ಸ್ಟಾರ್ಟರ್ ಮೋಟಾರ್ ಮೇಲೆ ಬೀಳದಂತೆ ಮುಗಿಯಲಿ. ಪೆಟ್ರೋಲ್ ತೊಟ್ಟಿಕ್ಕುವುದು ನಿಲ್ಲಲೆಂದು ತುದಿಗೆ ಬೋಲ್ಟ್ ಹೊಡೆಯುವವರಿದ್ದಾರೆ. ಬಟ್ಟಲಿಗೆ ಗಾಳಿ ಬರುವ ದಾರಿಯೂ ಅದೇ ಆಗಿರುತ್ತದೆ. ಮುಚ್ಚಿದರೆ ಮಿಶ್ರಣ ಕೆಡುತ್ತದೆ, ಹೆಚ್ಚಾದ ಪೆಟ್ರೋಲ್ ಜೆಟ್ ಮೂಲಕ ಎಂಜಿನ್ ಒಳಗೇ ಇಳಿದು ಆಯಿಲ್ ತೆಳುವಾಗುತ್ತದೆ. ಓಡುತ್ತಿರುವಾಗ ಪೈಪ್ ತೊಟ್ಟಿಕ್ಕಿದರೆ ಸರಿಪಡಿಸಬೇಕಾದ್ದು ನೀಡಲ್ ವಾಲ್ವನ್ನು. ಬೇಸಿಗೆಯಲ್ಲಿ ಬಿಸಿ ಎಂಜಿನ್ ಬಂದ್ ಮಾಡಿದ ಐದು ನಿಮಿಷದಲ್ಲಿ ನಾಲ್ಕು ಹನಿ ಬಿದ್ದರೆ ಅದು ಬಟ್ಟಲಿನ ಪೆಟ್ರೋಲ್ ಕಾದು ಉಕ್ಕಿದ್ದು. ಬಾನೆಟ್ ಎತ್ತಿಟ್ಟು ಗಾಳಿಯಾಡಲು ಬಿಡಿ.

ಇಪ್ಪತ್ತು ಕಿಲೋಮೀಟರ್ ಓಡಿ ಗಾಡಿ ನಿಲ್ತದ, ಸ್ವಲ್ಪ ಹೊತ್ತು ಬಿಟ್ರ ಮತ್ತ ಚಾಲೂ ಆಗ್ತದ. ಪಂಪ್ ಹೋಗ್ಯಾದೇನು?

ನಿಂತ ತಕ್ಷಣ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಸುಸ್' ಎಂದು ಗಾಳಿ ಒಳಗೆಳೆದುಕೊಂಡರೆ ಪಂಪ್ ಸರಿಯಿದೆ, ಟ್ಯಾಂಕಿನ ವೆಂಟ್ ಕಟ್ಟಿದೆ. ನಮ್ಮ ಕಡೆ ಇದಕ್ಕೆ ಎರಡು ಕಾರಣ. ಒಂದು ಎರೆ ಮಣ್ಣು: ಮಳೆಯಲ್ಲಿ ಮೆತ್ತಿಕೊಂಡು ಬಿಸಿಲಿಗೆ ಇಟ್ಟಿಗೆಯಾಗುತ್ತದೆ. ಇನ್ನೊಂದು ಮಣ್ಣಿನ ಗೂಡು ಕಟ್ಟುವ ಕಣಜ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ 6ರಿಂದ 10 ಮಿಮೀ ತೂತು ಕಂಡರೆ ಅದಕ್ಕೆ ಗೂಡಿಗೆ ಹೇಳಿ ಮಾಡಿಸಿದ ಜಾಗ. ಪೈಪಿನೊಳಗೆ ಎರಡು ಇಂಚು ಆಳದಲ್ಲಿ ಮಣ್ಣಿನ ಬಿರಡೆ, ಅದರ ಹಿಂದೆ ಒಣಗಿದ ಹುಳುಗಳು, ಮತ್ತೆ ಬಿರಡೆ. ಹೊರಗಿನಿಂದ ನೋಡಿದರೆ ಪೈಪ್ ಚೊಕ್ಕಟವಾಗೇ ಕಾಣುತ್ತದೆ.

ಹೊರತುದಿಯಿಂದ ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಮಣ್ಣು ಟ್ಯಾಂಕಿಗೆ ಇಳಿಯುತ್ತದೆ. ಪೈಪನ್ನು ಟ್ಯಾಂಕಿನಿಂದ ಕಳಚಿ, ಒಳತುದಿಯಿಂದ ಹೊರಕ್ಕೆ ಊದಿ, 2 ಮಿಮೀ ತಂತಿ ಆಡಿಸಿ. ಮತ್ತೆ ಜೋಡಿಸುವಾಗ ಪೈಪನ್ನು ಟ್ಯಾಂಕಿನ ಮೇಲ್ಮಟ್ಟಕ್ಕಿಂತ ಎತ್ತರಕ್ಕೆ ಒಯ್ದು, ತಲೆಕೆಳಗಾದ ಯು ಆಕಾರದಲ್ಲಿ ಬಗ್ಗಿಸಿ ಕೆಳಗಿಳಿಸಿ. ಇಲ್ಲದಿದ್ದರೆ ಟ್ಯಾಂಕ್ ತುಂಬಿಸಿ ಉಬ್ಬು ಹತ್ತಿಸಿದಾಗ ಪೆಟ್ರೋಲ್ ತಾನಾಗಿ ಹರಿಯುತ್ತದೆ. ತುದಿಗೆ ಹಿತ್ತಾಳೆಯ ಸಣ್ಣ ಜಾಲರಿ ಕಟ್ಟಬಹುದು, ಬಟ್ಟೆ ಬೇಡ. ತುದಿ ಡಿಕ್ಕಿಯೊಳಗೆ ಮುಗಿಯಲೇಬಾರದು.

ಎಂಜಿನ್ ಬ್ರೀದರ್ ಪೈಪಿನಿಂದ ಹೊಗೆ, ಎಣ್ಣೆ ಬರ್ತದ. ಬಂದ್ ಮಾಡಿದ್ರ ಏನಾಗ್ತದ?

ಬಂದ್ ಮಾಡಿದರೆ ಎಣ್ಣೆ ಬೇರೆ ಕಡೆಯಿಂದ ಬರುತ್ತದೆ. ಪಿಸ್ಟನ್ ರಿಂಗ್ ದಾಟಿ ಬಂದ ಅನಿಲಕ್ಕೆ ಹೊರಹೋಗಲು ದಾರಿ ಬೇಕೇ ಬೇಕು. ಅಂಬಾಸಿಡರ್‌ನ ಆ ಹಳೆಯ ಎಂಜಿನ್‌ನಲ್ಲಿ ಕ್ರ್ಯಾಂಕ್‌ನ ಹಿಂಬದಿಗೆ ರಬ್ಬರ್ ಸೀಲ್ ಇಲ್ಲ, ಎಣ್ಣೆಯನ್ನು ಹಿಂದಕ್ಕೆ ತಿರುಗಿಸುವ ಸುರುಳಿ ಗೀರು ಮಾತ್ರ. ಒಳಗೆ ಒತ್ತಡ ಏರಿದರೆ ಆ ಗೀರು ಸೋಲುತ್ತದೆ, ಎಣ್ಣೆ ಕ್ಲಚ್ ಮೇಲೆ ಬೀಳುತ್ತದೆ. ಹಿಂದಿನ ಸೀಲ್ ಹೋಗಿದೆ ಎಂದು ಎಂಜಿನ್ ಇಳಿಸುವ ಮುಂಚೆ ಬ್ರೀದರ್ ಕಳಚಿ ನೋಡಿ. ಎಂಜಿನ್ ಬದಿಯಲ್ಲಿರುವ ಟ್ಯಾಪೆಟ್ ಕವರಿನಿಂದ ಇಳಿಯುವ ಪೈಪಿನಲ್ಲಿ ಡಾಂಬರಿನಂಥ ಕೆಸರು ಕಟ್ಟಿರುವುದು ಸಾಮಾನ್ಯ. ಡೀಸೆಲ್‌ನಲ್ಲಿ ರಾತ್ರಿಯಿಡೀ ನೆನೆಸಿ, ಬ್ರಷ್ ಹಾಕಿ ತೊಳೆಯಿರಿ.

ಈ ಪೈಪಿನ ತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಓರೆ ಬಾಯಿ ಗಾಡಿಯ ಹಿಂಬದಿಗೆ ಮುಖ ಮಾಡಬೇಕು. ಆಗ ಓಡುವ ಗಾಳಿ ಅನಿಲವನ್ನು ಎಳೆದುಕೊಳ್ಳುತ್ತದೆ. ಮುಂದಕ್ಕೆ ಮುಖ ಮಾಡಿದರೆ ಧೂಳು ಒಳನುಗ್ಗುತ್ತದೆ. ಇದಕ್ಕೆ ಜಾಲರಿ ಬೇಡ, ಎಣ್ಣೆ ಹಿಡಿದು ಕಟ್ಟುತ್ತದೆ. ಎಂಜಿನ್ ತಲೆಯ ಮೇಲಿನ ರಾಕರ್ ಕವರಿನಿಂದ ಏರ್ ಕ್ಲೀನರ್‌ಗೆ ಹೋಗುವ ಪೈಪ್ ಬೇರೆ. ಅದು ಎಣ್ಣೆ ತಡೆಯುವ ನೈಟ್ರೈಲ್ ರಬ್ಬರಿನದಾಗಿರಲಿ. ಇಪಿಡಿಎಂ ಎಣ್ಣೆಗೆ ಉಬ್ಬಿ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ಚೊಕ್ಕ ಪೈಪಿನಲ್ಲೂ ದಟ್ಟ ಹೊಗೆ ಪುಕಪುಕ ಬಂದರೆ ರಿಂಗ್ ಸವೆದಿವೆ, ಕಂಪ್ರೆಶನ್ ಚೆಕ್ ಮಾಡಿಸಿ.

ಬ್ಯಾಟರಿಗೂ ಪೈಪ್ ಬೇಕಾ?

ಬಾನೆಟ್ ಕೆಳಗಿರುವ, ಬಿರಡೆಯಲ್ಲೇ ರಂಧ್ರವಿರುವ ಬ್ಯಾಟರಿಗೆ ಬೇಡ, ರಂಧ್ರ ತೆರೆದಿದ್ದರೆ ಸಾಕು. ಡಿಕ್ಕಿಗೋ ಸೀಟಿನ ಕೆಳಗೋ ಬ್ಯಾಟರಿ ಸಾಗಿಸಿದ್ದರೆ ಬದಿಯಲ್ಲಿ ವೆಂಟ್ ಇರುವ ಬ್ಯಾಟರಿ ಮತ್ತು ಹೊರಕ್ಕೆ ಹೋಗುವ ಪೈಪ್ ಕಡ್ಡಾಯ. ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಗಾಳಿಯಲ್ಲಿ ಶೇ 4 ಸೇರಿದರೆ ಒಂದು ಕಿಡಿ ಸಾಕು. ತುದಿ ನೆಲದ ಕಡೆಗಿರಲಿ, ಬ್ರೇಕ್ ಪೈಪ್, ಚಾಸಿ, ಸ್ಪ್ರಿಂಗ್ ಪಟ್ಟಿಗಳ ಮೇಲೆ ಬೀಳದಿರಲಿ. ಆಸಿಡ್ ಪದೇ ಪದೇ ಉಕ್ಕಿದರೆ ಚಾರ್ಜಿಂಗ್ ವೋಲ್ಟೇಜ್ ಅಳೆಯಿರಿ. 14.8 ದಾಟಿದರೆ ರೆಗ್ಯುಲೇಟರ್ ನೋಡಬೇಕು. ಬಿದ್ದ ಆಸಿಡ್ ಮೇಲೆ ಅಡುಗೆ ಸೋಡಾ ಕಲಸಿದ ನೀರು ಸುರಿದು ನೊರೆ ನಿಂತ ಮೇಲೆ ತೊಳೆಯಿರಿ, ಆ ನೀರು ಸೆಲ್ ಒಳಗೆ ಹೋಗಬಾರದು.

ಹಿಂದಿನ ಚಕ್ರದ ಬ್ರೇಕ್ ಶೂ ಮೇಲೆ ಎಣ್ಣೆ. ಸೀಲ್ ಬದಲಿಸಿದರೂ ಮತ್ತೆ ಬರುತ್ತಿದೆ. ಏಕೆ?

ಆಕ್ಸಲ್ ಕೇಸಿನ ಮೇಲೆ ಗುಂಡಿಯಂಥ ಸಣ್ಣ ಬ್ರೀದರ್ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಎರೆ ಮಣ್ಣಿನಲ್ಲಿ ಅದು ಮುಚ್ಚಿದರೆ ಕಾದ ಆಕ್ಸಲ್‌ನೊಳಗಿನ ಗಾಳಿ ಎಣ್ಣೆಯನ್ನು ಸೀಲ್ ದಾಟಿಸಿ ಬ್ರೇಕ್ ಶೂಗೆ ತಳ್ಳುತ್ತದೆ. ಯಾದಗಿರಿ ಕಡೆ, ಭೀಮಾ ಕೃಷ್ಣೆಯರ ಬಯಲಿನಲ್ಲಿ, ಮಳೆಗಾಲದಲ್ಲಿ ಹಳ್ಳದ ನೀರು ದಾಟುವವರಿಗೆ ಇನ್ನೊಂದು ತೊಂದರೆ. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಾಳಿ ಕುಗ್ಗಿ ನೀರು ಹೀರುತ್ತದೆ, ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ.

ಪರಿಹಾರ: ಬ್ರೀದರ್ ಜಾಗಕ್ಕೆ ಅದೇ ಅಳತೆಯ ತಿರುಪಿನ ನಿಪ್ಪಲ್ ಹಾಕಿ, 6 ಮಿಮೀ ನೈಟ್ರೈಲ್ ಪೈಪನ್ನು ಬಾಡಿಯ ಎತ್ತರದ ಜಾಗಕ್ಕೆ ಒಯ್ಯಿರಿ. ಓವರ್‌ಫ್ಲೋ ಪೈಪ್ ಕೆಳಕ್ಕೆ ಇಳಿಯಬೇಕು, ಇದು ಮೇಲಕ್ಕೆ ಹತ್ತಬೇಕು. ಇವೆರಡನ್ನು ಅದಲುಬದಲು ಮಾಡಿದ ಗಾಡಿಗಳು ಬಹಳ. ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ನಡುವೆ 150 ಮಿಮೀ ಸಡಿಲ ಬಿಡಿ. ಜ್ಯಾಕ್ ಹಾಕಿ ಬಾಡಿ ಎತ್ತಿ, ಚಕ್ರ ಪೂರ್ತಿ ಇಳಿಬಿದ್ದಾಗ ಪೈಪ್ ಬಿಗಿಯದೆ ಇರಬೇಕು. ಮೇಲಿನ ತುದಿಯನ್ನು ಕೆಳಮುಖ ಬಗ್ಗಿಸಿ ಸಣ್ಣ ಫಿಲ್ಟರ್ ಹಾಕಿ.

ಬ್ರೇಕ್ ಆಯಿಲ್ ಡಬ್ಬಿಗೂ ವೆಂಟ್ ಇದೆಯೇ?

ಮುಚ್ಚಳದಲ್ಲೇ ಸೂಜಿಗಾತ್ರದ ರಂಧ್ರ ಇದೆ, ಪಿನ್ ಆಡಿಸಿ ತೆರೆದಿಡಿ. ಅದಕ್ಕೆ ಪೈಪ್ ಬೇಡ. ಮಾಸ್ಟರ್ ಸಿಲಿಂಡರ್ ನೆಲದಡಿ ಇರುವ ಹಳೆಯ ಗಾಡಿಗಳಲ್ಲಿ ರಂಧ್ರದ ಸುತ್ತ ಮಣ್ಣು ಒರೆಸದೆ ಮುಚ್ಚಳ ತೆಗೆಯಬೇಡಿ. ಡಬ್ಬಿ ದೂರದಲ್ಲಿದ್ದು ಪೈಪಿನಿಂದ ಜೋಡಿಸಿದ್ದರೆ ಅದು ಬ್ರೇಕ್ ಆಯಿಲಿಗೆಂದೇ ಮಾಡಿದ ಇಪಿಡಿಎಂ ಆಗಿರಬೇಕು. ಪೆಟ್ರೋಲ್ ಪೈಪ್ ಹಾಕಿದರೆ ಅದು ಉಬ್ಬಿ ಕರಗಿ ಬ್ರೇಕೇ ಕೈಕೊಡುತ್ತದೆ. ಚೆಲ್ಲಿದ ಬ್ರೇಕ್ ಆಯಿಲ್ ಪೇಂಟ್ ಎಬ್ಬಿಸುತ್ತದೆ, ತಕ್ಷಣ ನೀರು ಸುರಿಯಿರಿ.

ಎಲ್ಲಾ ಪೈಪ್ ಸೇರಿಸಿ ಒಂದೇ ಪೈಪಿನಾಗ ಕೆಳಗ ಬಿಟ್ರ ಆಗಲ್ಲೇನು?

ಆಗಲ್ಲ. ಪೆಟ್ರೋಲ್ ಆವಿ, ಆಸಿಡ್, ಬಿಸಿ ಕೂಲಂಟ್, ಎಣ್ಣೆ ಅನಿಲ, ಇವು ಒಂದನ್ನೊಂದು ಸೇರಬಾರದು. ಒಂದರ ತುದಿ ಕಟ್ಟಿದರೆ ಇನ್ನೊಂದಕ್ಕೆ ಹಿಮ್ಮುಖ ಒತ್ತಡ ಹೋಗುತ್ತದೆ. ಪ್ರತಿಯೊಂದಕ್ಕೂ ಅದರದೇ ಪೈಪ್, ಅದರದೇ ತುದಿ. ಪಕ್ಕಪಕ್ಕ ಓಡಿಸುವುದಾದರೆ ಬೇರೆ ಬಣ್ಣದ ಟೇಪ್ ಸುತ್ತಿ.

ಕ್ಲಿಪ್ ಹಾಕುವಾಗ 200ರಿಂದ 250 ಮಿಮೀಗೊಂದು, ರಬ್ಬರ್ ಒಳಪದರ ಇರುವ ಪಿ ಕ್ಲಿಪ್ ಒಳ್ಳೆಯದು. ಎಂಜಿನ್ನಿಗೂ ಬಾಡಿಗೂ ನಡುವೆ ಹಾಯುವ ಕಡೆ 25 ಮಿಮೀ ಸಡಿಲ ಬೇಕು, ಎಂಜಿನ್ ತೂಗುತ್ತದೆ. ಓವರ್‌ಫ್ಲೋ ಪೈಪ್ ನಡುವೆ ಜೋತುಬಿದ್ದು ಹೊಟ್ಟೆ ಬಿಟ್ಟರೆ ಅಲ್ಲಿ ದ್ರವ ನಿಂತು ಪೈಪ್ ಮುಚ್ಚಿದಂತೆಯೇ ಆಗುತ್ತದೆ. ತಗಡಿನ ತೂತಿನಲ್ಲಿ ಹಾಯಿಸಿದರೆ ಗ್ರೊಮೆಟ್, ಅಂದರೆ ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ, ಹಾಕಿ. ತುದಿ ನೆಲದಿಂದ 150ರಿಂದ 200 ಮಿಮೀ ಮೇಲೆ, ಟೈರಿನ ಮುಂದೆ ಬೀಳದ ಜಾಗದಲ್ಲಿ ಇರಲಿ. ಕೂಲಂಟ್ ಟೈರ್ ಕೆಳಗೆ ಬಿದ್ದರೆ ತಿರುವಿನಲ್ಲಿ ಜಾರುತ್ತದೆ.

ಚೆಲ್ಲಿದ ಕೂಲಂಟ್ ಮಣ್ಣಿಗೆ ಇಂಗಿಹೋಗುತ್ತದಲ್ಲ, ಬಿಟ್ಟರೇನು?

ಬಿಡಬೇಡಿ. ಕೂಲಂಟ್‌ನಲ್ಲಿರುವ ಎಥಿಲಿನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿ ನೆಕ್ಕುತ್ತದೆ, ಬಾಯಾರಿದ ಕರು, ಮೇಕೆ ಕುಡಿಯುತ್ತವೆ. ಸ್ವಲ್ಪವೇ ಆದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಕೆರೆ ಬಾವಿ ಒಣಗಿರುವ ಏಪ್ರಿಲ್ ಮೇ ತಿಂಗಳಲ್ಲೇ ರೇಡಿಯೇಟರ್ ಉಕ್ಕುವುದೂ ಹೆಚ್ಚು. ಬಾಟಲಿ ಜೋಡಿಸಿ ಎಂದು ಒತ್ತಿ ಹೇಳುವುದಕ್ಕೆ ಇದೇ ದೊಡ್ಡ ಕಾರಣ. ಚೆಲ್ಲಿದ್ದರೆ ಮರಳು ಅಥವಾ ಹೊಟ್ಟು ಹಾಕಿ ಬಳಿದು, ಸಾಕಷ್ಟು ನೀರು ಹಾಯಿಸಿ.

ಎಷ್ಟು ದಿನಕ್ಕೊಮ್ಮೆ ನೋಡಬೇಕು?

ವರ್ಷಕ್ಕೆರಡು ಸಲ. ಯುಗಾದಿಯ ಹೊತ್ತಿಗೆ ಕೂಲಂಟ್ ಮತ್ತು ಪೆಟ್ರೋಲ್ ಪೈಪ್‌ಗಳು, ಮೃಗಶಿರಾ ಮಳೆಗೆ ಮುಂಚೆ ಆಕ್ಸಲ್, ಟ್ಯಾಂಕ್, ಬ್ರೀದರ್. ಪೈಪನ್ನು ಬೆರಳಲ್ಲಿ ಮಡಚಿ ನೋಡಿ. ಮೈಮೇಲೆ ಸಣ್ಣ ಬಿರುಕು ತೆರೆದುಕೊಂಡರೆ ಬದಲಿಸುವ ಕಾಲ ಬಂದಿದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯಾದರೆ ನಿಲ್ಲಿಸುವ ದಿನ ಪ್ರತಿ ತುದಿಗೂ ಕೆಂಪು ದಾರ ಕಟ್ಟಿದ ಜಾಲರಿ ತುಂಡು ಸುತ್ತಿ, ಕಣಜ ಒಳಹೋಗದು. ಎಷ್ಟು ದಾರ ಕಟ್ಟಿದ್ದೀರೆಂದು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್‌ಗೆ ಅಂಟಿಸಿ. ಮತ್ತೆ ಗಾಡಿ ಹೊರತೆಗೆಯುವ ದಿನ ಅಷ್ಟನ್ನೂ ಎಣಿಸಿ ಬಿಚ್ಚಿದ ಮೇಲೆ ಕೀಲಿ ತಿರುಗಿಸಿ.